‘ಸ್ಕಾರ್ಪಿಯನ್’ ಧಾರಾವಾಹಿಯ ಮೇಧಾವಿಗಳು ಯೋಚಿಸುವುದನ್ನು ನಾವು ನೋಡುವುದೇ ಇಲ್ಲವಲ್ಲ, ಏಕೆ?

ತೆರೆಯೀಚೆ (ಪ್ರಶ್ನೆ)

ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 2014ರ ಸೆಪ್ಟೆಂಬರ್ 22ರಂದು ಆರಂಭವಾಗಿ 2018ರ ಏಪ್ರಿಲ್ 16ರಂದು ಮುಗಿದ ‘ಸ್ಕಾರ್ಪಿಯನ್’ ಧಾರಾವಾಹಿಯ ನಾಲ್ಕೂ ಸೀಸನ್‌ಗಳನ್ನು, ಒಟ್ಟು 93 ಕಂತುಗಳನ್ನು, ಈಚೆಗೆ ನೋಡಿ ಮುಗಿಸಿದೆ. ಬೇಡವೆನಿಸಿದ್ದರೆ ಹತ್ತನೆಯ ಕಂತಿಗೇ ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ, ಏಕೆಂದರೆ ಅದರ ಪಾತ್ರಗಳು ನನಗೆ ನಿಜಕ್ಕೂ ಹಿಡಿಸಿದವು. ನನ್ನ ಅಸಮಾಧಾನ ಹುಟ್ಟಿದ್ದೂ ಅಲ್ಲಿಂದಲೇ.

ನೋಡದವರಿಗಾಗಿ ಎರಡು ಮಾತು. ಐರ್ಲೆಂಡಿನಿಂದ ಬಂದ ಗಣಕ ಮೇಧಾವಿ ವಾಲ್ಟರ್ ಒಬ್ರಯನ್, ಮನುಷ್ಯರ ನಡೆನುಡಿಯನ್ನು ಓದಬಲ್ಲ ಮನೋವೈದ್ಯ ಟೋಬಿ, ಯಂತ್ರಗಳ ಒಳಹೊರಗು ಬಲ್ಲ ಹ್ಯಾಪಿ, ಅಂಕಿಗಳಲ್ಲೇ ಬದುಕುವ ಅಂಜುಬುರುಕ ಸಿಲ್ವೆಸ್ಟರ್, ಈ ನಾಲ್ವರೂ ಸೇರಿ ಸರ್ಕಾರದ ಅಧಿಕಾರಿ ಕೇಬ್ ಗ್ಯಾಲೊ ತರುವ ಸಂಕಟಗಳನ್ನು ಬಿಡಿಸುತ್ತಾರೆ. ಇವರಿಗೂ ಹೊರಗಿನ ಲೋಕಕ್ಕೂ ನಡುವೆ ಸೇತುವೆಯಾಗಿ ಪೇಜ್ ಎಂಬ ಹೆಣ್ಣುಮಗಳಿದ್ದಾಳೆ. ಅವಳ ಪುಟ್ಟ ಮಗ ರಾಲ್ಫ್ ಕೂಡ ಅಸಾಧಾರಣ ಬುದ್ಧಿಯವನು. ಇಷ್ಟು ಒಳ್ಳೆಯ ಸಾಮಗ್ರಿ ಕೈಯಲ್ಲಿದ್ದೂ ಬರವಣಿಗೆ ಕಂತಿನಿಂದ ಕಂತಿಗೆ ಒಂದೇ ಜಾಡಿನಲ್ಲಿ ಸಾಗುತ್ತದೆ. ಅಪಾಯ ಎದುರಾಗುತ್ತದೆ, ಎಲ್ಲರೂ ಕಂಗೆಡುತ್ತಾರೆ, ವಾಲ್ಟರ್ ಒಂದು ಕ್ಷಣ ಸುಮ್ಮನಾಗಿ ಯಾವುದೋ ವಸ್ತುವನ್ನು ದಿಟ್ಟಿಸುತ್ತಾನೆ, ಥಟ್ಟನೆ ಅವನಿಗೆ ಉಪಾಯ ಹೊಳೆಯುತ್ತದೆ. ಅದನ್ನು ಅವನು ಉಸಿರು ತೆಗೆದುಕೊಳ್ಳದೆ ಪಾರಿಭಾಷಿಕ ಪದಗಳಲ್ಲಿ ಒದರುತ್ತಾನೆ, ಉಳಿದವರು ಓಡುತ್ತಾರೆ. ಉಪಾಯ ಅರ್ಧ ಫಲಿಸಿ ಇನ್ನೊಂದು ಅಪಾಯ ತಂದೊಡ್ಡುತ್ತದೆ, ಮತ್ತೆ ಅದೇ ಸುತ್ತು.

ವಿಜ್ಞಾನ ತಪ್ಪಾಗಿದೆ ಎಂಬುದು ನನ್ನ ಮುಖ್ಯ ದೂರಲ್ಲ. ಕಥೆಯೆಂದ ಮೇಲೆ ಒಂದಿಷ್ಟು ಉತ್ಪ್ರೇಕ್ಷೆ ಇರಲಿ. ಆದರೆ ಯೋಚನೆ ನಡೆಯುವ ಆ ಹೊತ್ತನ್ನೇ, ಅಂದರೆ ಈ ಧಾರಾವಾಹಿ ಯಾವುದರ ಬಗ್ಗೆ ಇದೆಯೋ ಅದನ್ನೇ, ಬರಹಗಾರರು ಪ್ರತಿಸಲವೂ ಕತ್ತರಿಸಿ ಬಿಸಾಡುತ್ತಾರೆ. ಅವರ ಮುಂದೆ ಯಾವ ಯಾವ ದಾರಿಗಳಿದ್ದವು, ಯಾವುದನ್ನು ಏಕೆ ಕೈಬಿಟ್ಟರು, ಎಲ್ಲಿ ಎಡವಿದರು ಎಂಬುದು ನಮಗೆ ತಿಳಿಯುವುದೇ ಇಲ್ಲ. ಮೇಧಾವಿಯೊಬ್ಬನ ಪಕ್ಕದಲ್ಲಿ ಕುಳಿತು ಅವನ ಜೊತೆ ಯೋಚಿಸುವ ಸುಖಕ್ಕಾಗಿ ನಾನು ಕಾದಿದ್ದೆ. ಸಿಕ್ಕಿದ್ದು ಅವನು ಬಲು ಜಾಣ ಎಂದು ಬೇರೆಯವರು ಹೇಳುವ ಮಾತು ಮಾತ್ರ. ಇದು ವಾಹಿನಿಯ ಧಾರಾವಾಹಿಗಳಿಗೆ ಅನಿವಾರ್ಯವಾದ ಮಿತಿಯೋ ಅಥವಾ ಬರವಣಿಗೆಯ ಸೋಲೋ? ನೋಡಿದವರು ದಯವಿಟ್ಟು ತಿಳಿಸಿ.

ರಾತ್ರಿಪಾಳಿ

ನಾನು ಹಲವು ವರ್ಷ ಒಂದು ಸಂಸ್ಥೆಯ ನೆಟ್‌ವರ್ಕ್ ವಿಭಾಗದಲ್ಲಿ ರಾತ್ರಿ ಪಾಳಿಯಲ್ಲಿ ಕೆಲಸ ಮಾಡಿದವನು. ಆದ್ದರಿಂದ ಮೊದಲ ಕಂತಿನ ಬಗ್ಗೆಯೇ ಬರೆಯುತ್ತೇನೆ, ಏಕೆಂದರೆ ನೀವು ಹೇಳುತ್ತಿರುವ ದೋಷ ಅಲ್ಲೇ ಪೂರ್ತಿಯಾಗಿ ಕಾಣುತ್ತದೆ.

ಲಾಸ್ ಏಂಜಲೀಸ್ ವಿಮಾನ ನಿಲ್ದಾಣದ ನಿಯಂತ್ರಣ ತಂತ್ರಾಂಶ ಅಪ್‌ಡೇಟ್ ಆದ ಮೇಲೆ ಕೆಟ್ಟುಹೋಗುತ್ತದೆ, ಹಳೆಯ ಸರಿಯಾದ ಆವೃತ್ತಿಯನ್ನು ಹುಡುಕಬೇಕಾಗುತ್ತದೆ. ಈ ಆರಂಭ ಎಷ್ಟು ಸರಿಯಾಗಿದೆ ಎಂದು ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದೆ! ನಮ್ಮ ಕೆಲಸದಲ್ಲಿ ಏನಾದರೂ ಕೈಕೊಟ್ಟಾಗ ಮೊದಲು ಕೇಳುವ ಪ್ರಶ್ನೆಯೇ ‘ಕೊನೆಯದಾಗಿ ಏನು ಬದಲಾಯಿಸಿದಿರಿ?’ ಎಂಬುದು, ಮತ್ತು ಹತ್ತರಲ್ಲಿ ಏಳೆಂಟು ಸಲ ಪರಿಹಾರವೂ ಆ ಬದಲಾವಣೆಯನ್ನು ಹಿಂದೆಗೆದುಕೊಳ್ಳುವುದೇ ಆಗಿರುತ್ತದೆ. ಬರಹಗಾರರ ಕೈಗೆ ನಿಜವಾದ ಎಳೆಯೊಂದು ಸಿಕ್ಕಿತ್ತು. ಆದರೆ ಅವರು ಹೋದದ್ದು ಬೇರೆಡೆಗೆ. ಹಳೆಯ ಆವೃತ್ತಿ ಆಕಾಶದಲ್ಲಿ ಹಾರುತ್ತಿರುವ ಒಂದು ವಿಮಾನದಲ್ಲಿದೆಯಂತೆ. ಆ ವಿಮಾನ ರನ್‌ವೇಯ ಮೇಲೆ ತೀರ ಕೆಳಮಟ್ಟದಲ್ಲಿ ಹಾರುವಾಗ ಕೆಳಗೆ ಕಾರನ್ನು ಓಡಿಸಿಕೊಂಡು ಹೋಗಿ, ಮೇಲಿನಿಂದ ಇಳಿಬಿಟ್ಟ ಕೇಬಲ್ಲನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ಇಳಿಸಿಕೊಳ್ಳಬೇಕಂತೆ.

ಆ ಕೇಬಲ್ಲಿನ ತುದಿಯನ್ನು ನೀವು ಕೈಯಲ್ಲಿ ಹಿಡಿದು ನೋಡಿರಬಹುದು. ಪಾರದರ್ಶಕ ಪ್ಲಾಸ್ಟಿಕ್ಕಿನ ಪುಟ್ಟ ಚೌಕ, ಅದರ ಬೆನ್ನಿನ ಮೇಲೆ ಉಗುರಿನಷ್ಟು ಅಗಲದ ಒಂದು ನಾಲಗೆ. ಆ ನಾಲಗೆ ಮುರಿದರೆ ಮುಗಿಯಿತು, ಮೇಜಿನ ಮೇಲೆ ಅಲುಗಾಡದೆ ಇರುವ ಗಣಕದಲ್ಲೂ ಸಂಪರ್ಕ ಬಂದು ಬಂದು ಹೋಗುತ್ತದೆ, ಪಕ್ಕದ ಹಸಿರು ದೀಪ ಮಿಣುಕುತ್ತಾ ಇರುತ್ತದೆ. ನಾನು ಒಮ್ಮೆ ಬೆಳಗಿನ ಜಾವ ಎರಡು ಗಂಟೆಯಿಂದ ನಾಲ್ಕೂವರೆಯವರೆಗೆ ದಾಖಲೆಗಳನ್ನೆಲ್ಲ ಸಾಲುಸಾಲಾಗಿ ಓದಿ, ಮೂರು ತಪ್ಪು ಊಹೆಗಳ ಬೆನ್ನು ಹತ್ತಿ, ಕೊನೆಗೆ ಹಸಿರು ದೀಪವನ್ನು ನೋಡಿ ಇಂಥದೇ ಒಂದು ಮುರಿದ ನಾಲಗೆಯನ್ನು ಪತ್ತೆಮಾಡಿದ್ದೆ. ಗಂಟೆಗೆ ಸುಮಾರು 250 ಕಿಲೋಮೀಟರ್ ವೇಗದ ಗಾಳಿಯಲ್ಲಿ ತೂಗಾಡುವ ತಂತಿಯಲ್ಲಿ ಆ ಪ್ಲಾಸ್ಟಿಕ್ ನಾಲಗೆ ಎಷ್ಟು ಹೊತ್ತು ನಿಂತೀತು ಎಂಬುದನ್ನು ಬರಹಗಾರರಲ್ಲಿ ಒಬ್ಬರಾದರೂ ಯೋಚಿಸಿ, ಅದನ್ನೇ ತೊಡಕಾಗಿ ಬಳಸಿಕೊಂಡಿದ್ದರೆ ಆ ದೃಶ್ಯ ನನ್ನ ಪಾಲಿಗೆ ಬದುಕುತ್ತಿತ್ತು.

ಇನ್ನೊಂದು ಸಂಗತಿ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಈ ಕಂತು ಪ್ರಸಾರವಾದ ನಾಲ್ಕೇ ದಿನಕ್ಕೆ, 2014ರ ಸೆಪ್ಟೆಂಬರ್ 26ರಂದು, ಇಲಿನಾಯ್ ರಾಜ್ಯದ ಅರೋರಾದಲ್ಲಿರುವ ವಿಮಾನ ಸಂಚಾರ ನಿಯಂತ್ರಣ ಕೇಂದ್ರದಲ್ಲಿ ಗುತ್ತಿಗೆ ನೌಕರನೊಬ್ಬ ಬೆಂಕಿ ಹಚ್ಚಿದ. ಶಿಕಾಗೊ ಸುತ್ತಲಿನ ವಾಯುಪ್ರದೇಶವನ್ನು ನೋಡಿಕೊಳ್ಳುವ ಇಡೀ ಕೇಂದ್ರವೇ ಕತ್ತಲಾಯಿತು, ಸಾವಿರಕ್ಕೂ ಹೆಚ್ಚು ವಿಮಾನಯಾನಗಳು ರದ್ದಾದವು. ಆದರೆ ಆಗಲೇ ಆಕಾಶದಲ್ಲಿದ್ದ ವಿಮಾನಗಳು ಸುರಕ್ಷಿತವಾಗಿ ಇಳಿದವು, ಏಕೆಂದರೆ ನೆರೆಯ ಕೇಂದ್ರಗಳು ಆ ವಿಮಾನಗಳ ಹೊಣೆಯನ್ನು ತಮ್ಮ ಕೈಗೆ ತೆಗೆದುಕೊಂಡವು. ಮುಂದಿನ ಎರಡು ವಾರಕ್ಕೂ ಹೆಚ್ಚು ಕಾಲ, ಕೇಂದ್ರ ಮತ್ತೆ ಪೂರ್ಣವಾಗಿ ಕೆಲಸ ಆರಂಭಿಸುವವರೆಗೆ, ಸುಟ್ಟ ಉಪಕರಣಗಳನ್ನು ಕಿತ್ತು ಹೊಸದನ್ನು ಜೋಡಿಸುವ ಕೆಲಸ ಹಗಲೂರಾತ್ರಿ ನಡೆಯಿತು. ಅಲ್ಲಿ ಯಾರೂ ಕಾರಿನಿಂದ ಕೈಚಾಚಲಿಲ್ಲ. ತಮ್ಮದಲ್ಲದ ಆಕಾಶವನ್ನು ಏಕಾಏಕಿ ತಲೆಯೊಳಗೆ ತುಂಬಿಕೊಂಡು, ಯಾವ ವಿಮಾನ ಎಲ್ಲಿದೆ, ಯಾವುದನ್ನು ಎಲ್ಲಿಗೆ ಕಳುಹಿಸಬೇಕು ಎಂದು ಒಂದೊಂದಾಗಿ ಬಿಡಿಸಿದ ಆ ನಿಯಂತ್ರಕರ ಬುದ್ಧಿ ನನಗೆ ವಾಲ್ಟರನ ಬುದ್ಧಿಗಿಂತ ದೊಡ್ಡದೆನಿಸುತ್ತದೆ. ನಾಟಕವೂ ಅದರಲ್ಲೇ ಹೆಚ್ಚು ಇದೆ.

ಮಾಪನ

ಮಕ್ಕಳ ಬುದ್ಧಿಮತ್ತೆ ಪರೀಕ್ಷೆಗಳನ್ನು ನಡೆಸುವುದು ನನ್ನ ವೃತ್ತಿ. ಹಾಗಾಗಿ ಧಾರಾವಾಹಿ ಪದೇ ಪದೇ ಮುಂದೊಡ್ಡುವ ಆ ಸಂಖ್ಯೆಯ ಬಗ್ಗೆ ಹೇಳಲೇಬೇಕು. ವಾಲ್ಟರನ ಐಕ್ಯೂ 197, ಐನ್‌ಸ್ಟೈನರದು 160 ಎಂದು ಕಥೆ ನಮಗೆ ಹೇಳುತ್ತದೆ. ಐನ್‌ಸ್ಟೈನ್ ಇಂತಹ ಪರೀಕ್ಷೆಗೆ ಕುಳಿತ ದಾಖಲೆಯೇ ಇಲ್ಲ. ಇನ್ನು 197ರ ವಿಷಯ. ಇಂದಿನ ಪರೀಕ್ಷೆಗಳನ್ನು ಸರಾಸರಿ 100 ಮತ್ತು ಮಾನಕ ವಿಚಲನೆ (ಅಂಕಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬುದರ ಅಳತೆ) 15 ಇರುವಂತೆ ಹೊಂದಿಸಿರುತ್ತಾರೆ. ಆ ಲೆಕ್ಕದಲ್ಲಿ 197 ಎಂದರೆ ಸರಿಸುಮಾರು 2,000 ಕೋಟಿ ಜನರಲ್ಲಿ ಒಬ್ಬರು. ಭೂಮಿಯ ಮೇಲಿರುವುದು ಸುಮಾರು 800 ಕೋಟಿ ಜನ. ವಯಸ್ಕರಿಗೆ ಹೆಚ್ಚಾಗಿ ಬಳಸುವ ವೆಕ್ಸ್ಲರ್ ಪರೀಕ್ಷೆಯ ನಾಲ್ಕನೆಯ ಆವೃತ್ತಿಯನ್ನು ರೂಪಿಸಿದ್ದು 2,200 ಜನರ ಮಾದರಿಯ ಮೇಲೆ, ಅದರ ಅಳತೆ ನಿಲ್ಲುವುದೇ 160ರಲ್ಲಿ. ಅದಕ್ಕಿಂತ ಮೇಲಿನದನ್ನು ಅಳೆಯಲು ಆ ಅಳತೆಗೋಲಿನಲ್ಲಿ ಗೆರೆಗಳೇ ಇಲ್ಲ.

ಇದನ್ನು ತಪ್ಪು ಹುಡುಕಲೆಂದು ಬರೆಯುತ್ತಿಲ್ಲ. ಆ ಸಂಖ್ಯೆ ಬರವಣಿಗೆಯನ್ನು ಸೋಮಾರಿಯಾಗಿಸಿದೆ ಎಂಬುದು ನನ್ನ ಅನಿಸಿಕೆ. ಪಾತ್ರದ ಹಣೆಯ ಮೇಲೆ 197 ಎಂದು ಬರೆದಾದ ಮೇಲೆ ಅವನ ಬುದ್ಧಿಯನ್ನು ದೃಶ್ಯದಲ್ಲಿ ಸಾಬೀತುಮಾಡುವ ಹೊಣೆ ಬರಹಗಾರರಿಗೆ ಉಳಿಯುವುದಿಲ್ಲ. ಅಂಕ ಒಂದೇ ಮನುಷ್ಯನ ಮುಂದಿನ ಬದುಕನ್ನು ಹೇಳದು ಎಂಬುದಕ್ಕೆ ಅಮೆರಿಕದ್ದೇ ಉದಾಹರಣೆಯಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೂಯಿಸ್ ಟರ್ಮನ್ 1921ರಲ್ಲಿ ಆರಂಭಿಸಿದ ಅಧ್ಯಯನಕ್ಕೆ ಕ್ಯಾಲಿಫೋರ್ನಿಯಾದ ಹೆಚ್ಚಿನ ಐಕ್ಯೂ ಇದ್ದ ಸುಮಾರು 1,500 ಮಕ್ಕಳನ್ನು ಆರಿಸಿ, ದಶಕಗಳ ಕಾಲ ಅವರನ್ನು ಗಮನಿಸಲಾಯಿತು. ಅವರಲ್ಲಿ ಬಹಳ ಮಂದಿ ಚೆನ್ನಾಗಿಯೇ ಬದುಕಿದರು, ಆದರೆ ಒಬ್ಬರಿಗೂ ನೊಬೆಲ್ ಬರಲಿಲ್ಲ. ಅಂಕ ಸಾಲದೆಂದು ಆ ಆಯ್ಕೆಯಲ್ಲಿ ಬಿಟ್ಟುಹೋದ ವಿಲಿಯಂ ಶಾಕ್ಲಿ 1956ರಲ್ಲಿ, ಲೂಯಿಸ್ ಆಲ್ವರೆಜ್ 1968ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದರು.

ಇದಕ್ಕಿಂತ ನನ್ನನ್ನು ನೋಯಿಸಿದ್ದು ಇನ್ನೊಂದು ವಿಷಯ. ಬುದ್ಧಿ ಹೆಚ್ಚಿದ್ದರೆ ಮನಸ್ಸು ಬರಡಾಗಿರಲೇಬೇಕು ಎಂಬ ಒಪ್ಪಂದಕ್ಕೆ ಕಥೆ ಮೊದಲೇ ಸಹಿ ಹಾಕಿಬಿಟ್ಟಿದೆ. ವಾಲ್ಟರ್ ಒರಟಾಗಿ ಮಾತನಾಡಿದಾಗಲೆಲ್ಲ ಅವನ ಬುದ್ಧಿಯನ್ನೇ ಕಾರಣವಾಗಿ ತೋರಿಸಿ, ಪೇಜ್ ತಿದ್ದಿ, ಅವನು ಕಲಿತಂತೆ ಕಂಡು, ಮುಂದಿನ ವಾರ ಮತ್ತೆ ಮೊದಲಿನಂತೆಯೇ ಆಗಿರುತ್ತಾನೆ. ನನ್ನ ಬಳಿ ಬರುವ ಮಕ್ಕಳಲ್ಲಿ ಲೆಕ್ಕದಲ್ಲಿ ಎಲ್ಲರಿಗಿಂತ ಮುಂದಿರುವ ಮಗು ಗೆಳೆಯನ ಮುಖ ಬಾಡಿದ್ದನ್ನು ನನಗಿಂತ ಮೊದಲು ಗುರುತಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಜಾಣ ಮಗುವಿನ ತಂದೆತಾಯಿಗಳು ಇಂತಹ ಕಥೆಗಳನ್ನು ನೋಡಿ, ‘ಇವನು ಹೀಗೇ, ಬಿಡಿ’ ಎಂದುಬಿಟ್ಟರೆ ಆ ಮಗುವಿಗೆ ಕಲಿಸಬೇಕಾದುದನ್ನು ಯಾರೂ ಕಲಿಸುವುದಿಲ್ಲ.

ಸಣ್ಣಕಂದೀಲು

ಒಂದು ಬೇರೆ ಮಾತು. ನಮ್ಮ ಮಗಳು ಹನ್ನೊಂದರ ವಯಸ್ಸಿನಲ್ಲಿ ಈ ಧಾರಾವಾಹಿಯನ್ನು ನೋಡತೊಡಗಿದಳು. ಹ್ಯಾಪಿಯಂತೆ ತಾನೂ ಮಾಡುತ್ತೇನೆಂದು ಕೆಟ್ಟುಹೋಗಿದ್ದ ರೇಡಿಯೊವನ್ನು ಬಿಚ್ಚಿ, ಒಂದೊಂದು ತಿರುಪನ್ನೂ ಬಿಳಿ ಹಾಳೆಯ ಮೇಲೆ ಸಾಲಾಗಿ ಇಟ್ಟು, ಪ್ರತಿಯೊಂದರ ಕೆಳಗೆ ಅದು ಎಲ್ಲಿಂದ ಬಂತೆಂದು ಬರೆದಳು. ರೇಡಿಯೊ ಮತ್ತೆ ಹಾಡಲಿಲ್ಲ, ಆದರೆ ಆ ಹಾಳೆ ನಮ್ಮಲ್ಲಿ ಇನ್ನೂ ಇದೆ. ಯಂತ್ರದ ಕೆಲಸದಲ್ಲಿ ಎಲ್ಲರಿಗಿಂತ ನಿಷ್ಣಾತಳಾದ ಒಬ್ಬ ಹೆಂಗಸನ್ನು ಯಾವ ವಿವರಣೆಯನ್ನೂ ಕೊಡದೆ ತೆರೆಯ ಮೇಲೆ ನಿಲ್ಲಿಸಿದ್ದಕ್ಕೆ ನಾನು ಆ ಬರಹಗಾರರಿಗೆ ಋಣಿ. ನಿಮ್ಮೆಲ್ಲರ ದೂರುಗಳನ್ನು ಒಪ್ಪುತ್ತಲೇ ಇದನ್ನೂ ಹೇಳಬೇಕೆನಿಸಿತು.

ಮೂರನೆಯ ಅಂಕ

ನಾಟಕಗಳನ್ನು ಬರೆಯುವ ಅಭ್ಯಾಸವಿರುವುದರಿಂದ ಮೂಲ ಪ್ರಶ್ನೆಗೆ ನೇರವಾಗಿ ಉತ್ತರಿಸಲು ಪ್ರಯತ್ನಿಸುತ್ತೇನೆ. ಮಿತಿಯೂ ಹೌದು, ಸೋಲೂ ಹೌದು, ಆದರೆ ಸೋಲಿನ ಪಾಲು ದೊಡ್ಡದು.

ಮಿತಿ ಏನೆಂದರೆ, ವಾಹಿನಿಗೆ ಒಂದು ಸೀಸನ್‌ನಲ್ಲಿ ಇಪ್ಪತ್ತೆರಡರಿಂದ ಇಪ್ಪತ್ತೈದು ಕಂತುಗಳು ಬೇಕು. ಪ್ರತಿ ಕಂತಿಗೆ ಸಿಗುವುದು ನಲವತ್ತು ಚಿಲ್ಲರೆ ನಿಮಿಷ, ಅದರಲ್ಲೂ ಪ್ರತಿ ಜಾಹೀರಾತಿಗೆ ಮೊದಲು ಉಸಿರು ಬಿಗಿಹಿಡಿಸುವ ಒಂದು ತಿರುವು ಇರಬೇಕು, ಇಲ್ಲದಿದ್ದರೆ ನೋಡುಗರು ಚಾನೆಲ್ ಬದಲಾಯಿಸುತ್ತಾರೆ. ನೀವು ಹೇಳಿದ ‘ಉಪಾಯ ಅರ್ಧ ಫಲಿಸಿ ಇನ್ನೊಂದು ಅಪಾಯ’ ಎಂಬ ಜಾಡು ಹುಟ್ಟಿದ್ದು ಆ ಜಾಹೀರಾತಿನ ಬಿಡುವುಗಳಿಂದ. ಯಾವ ವಾರ ಯಾರು ನೋಡಿದರೂ ಅರ್ಥವಾಗಬೇಕೆಂಬ ಕಾರಣಕ್ಕೆ ಪಾತ್ರಗಳು ಹಿಂದಿನ ವಾರದ ಪಾಠವನ್ನು ಮರೆಯಬೇಕಾಗುತ್ತದೆ. ಇಷ್ಟನ್ನು ನಾನು ಕ್ಷಮಿಸಬಲ್ಲೆ.

ಕ್ಷಮಿಸಲಾಗದ್ದು ಉಪಾಯಗಳನ್ನು ಕಟ್ಟುವ ರೀತಿ. ಜಾಣತನ ನೋಡುಗನಿಗೆ ಮುಟ್ಟಬೇಕಾದರೆ ಸಮಸ್ಯೆಯ ಎಲ್ಲೆಗಳು ಅವನಿಗೆ ಮೊದಲೇ ಗೊತ್ತಿರಬೇಕು. 1970ರ ಏಪ್ರಿಲ್‌ನಲ್ಲಿ ಅಪೊಲೊ 13 ನೌಕೆಯಲ್ಲಿ ಆದದ್ದನ್ನು ನೆನಪಿಸಿಕೊಳ್ಳಿ. ಮುಖ್ಯ ನೌಕೆ ಕೆಟ್ಟಿದ್ದರಿಂದ, ಇಬ್ಬರಿಗೆ ಎರಡು ದಿನಕ್ಕೆಂದು ಮಾಡಿದ್ದ ಚಂದ್ರನೌಕೆಯಲ್ಲಿ ಮೂವರು ಸುಮಾರು ನಾಲ್ಕು ದಿನ ಬದುಕಬೇಕಿತ್ತು, ಅವರು ಹೊರಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡ್ ಏರುತ್ತಿತ್ತು. ಅದನ್ನು ಹೀರುವ ಡಬ್ಬಿಗಳು ಪಕ್ಕದ ಮುಖ್ಯ ನೌಕೆಯಲ್ಲಿ ಬೇಕಾದಷ್ಟಿದ್ದವು, ಆದರೆ ಅವು ಚೌಕವಾಗಿದ್ದವು, ಚಂದ್ರನೌಕೆಯ ಕಿಂಡಿ ದುಂಡಗಿತ್ತು. ಹೂಸ್ಟನ್‌ನ ಎಂಜಿನಿಯರರು ನೌಕೆಯಲ್ಲಿ ಏನೇನು ಇದೆಯೋ ಅಷ್ಟನ್ನೇ, ಪ್ಲಾಸ್ಟಿಕ್ ಚೀಲ, ರಟ್ಟು, ಉಡುಪಿನ ಗಾಳಿಕೊಳವೆ, ಅಂಟುಪಟ್ಟಿ, ಇವಿಷ್ಟನ್ನೇ ಬಳಸಿ ಚೌಕವನ್ನು ದುಂಡಗಿನದಕ್ಕೆ ಕೂಡಿಸುವ ಸಾಧನವನ್ನು ರೂಪಿಸಿ, ಮಾಡುವ ಬಗೆಯನ್ನು ರೇಡಿಯೊದಲ್ಲಿ ಒಂದೊಂದೇ ಹೆಜ್ಜೆಯಾಗಿ ಓದಿ ಹೇಳಿದರು. ಈ ನಾಲ್ಕು ವಾಕ್ಯ ಓದುವಾಗ ನಿಮ್ಮ ಕೈಗಳು ಮನಸ್ಸಿನಲ್ಲೇ ರಟ್ಟನ್ನು ಮಡಚಿರಬೇಕು. ಕೈಯಲ್ಲಿ ಏನಿದೆ, ಏನಿಲ್ಲ ಎಂಬುದು ತಿಳಿದಿದ್ದರಿಂದಲೇ ಉತ್ತರ ಬಂದಾಗ ಅದು ನಮ್ಮದೂ ಆಗುತ್ತದೆ. ‘ಸ್ಕಾರ್ಪಿಯನ್’ನಲ್ಲಿ ಬೇಕಾದ ರಾಸಾಯನಿಕ ಬೇಕಾದ ಕ್ಷಣದಲ್ಲಿ ಹೊಸದಾಗಿ ಪ್ರತ್ಯಕ್ಷವಾಗುತ್ತದೆ. ಅದನ್ನು ಐದು ನಿಮಿಷ ಮೊದಲೇ ಮೇಜಿನ ಮೇಲೆ ತೋರಿಸಿಡಲು ಹೆಚ್ಚು ಹಣವೂ ಬೇಡ, ಹೆಚ್ಚು ಸಮಯವೂ ಬೇಡ.

ಈ ಬರಹಗಾರರಿಗೆ ಶಕ್ತಿ ಇರಲಿಲ್ಲವೆಂದಲ್ಲ. ವಾಲ್ಟರನ ಅಕ್ಕ ಮೇಗನ್‌ಳ ಕಥೆಯನ್ನು ನೋಡಿ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಮಂಡಲದ ಕಾಯಿಲೆ ಅವಳ ದೇಹವನ್ನು ಸ್ವಲ್ಪಸ್ವಲ್ಪವಾಗಿ ಕಸಿಯುತ್ತಾ ಬರುತ್ತದೆ. ವಾಲ್ಟರ್ ಅದನ್ನೂ ಒಂದು ಲೆಕ್ಕದಂತೆ ಬಿಡಿಸಹೊರಡುತ್ತಾನೆ, ಬಿಡಿಸಲಾಗುವುದಿಲ್ಲ. ಎರಡನೆಯ ಸೀಸನ್‌ನಲ್ಲಿ ಅವಳು ತೀರಿಕೊಳ್ಳುತ್ತಾಳೆ. ಅದಕ್ಕೂ ಮೊದಲು, ಎಲ್ಲದಕ್ಕೂ ಹೆದರುವ ಸಿಲ್ವೆಸ್ಟರ್ ಅವಳನ್ನು ಮದುವೆಯಾಗುತ್ತಾನೆ. ಉಳಿದವರು ಕಾಯಿಲೆಯ ಗಣಿತ ಹಾಕುತ್ತಿದ್ದಾಗ ಅವನೊಬ್ಬನೇ ಅವಳ ಪಕ್ಕದಲ್ಲಿ ಕುಳಿತಿದ್ದ. ಇಡೀ ಧಾರಾವಾಹಿಯಲ್ಲಿ ಬುದ್ಧಿಗೆ ನಿಜವಾದ ಎದುರಾಳಿ ಸಿಕ್ಕಿದ್ದು ಅಲ್ಲಿ ಮಾತ್ರ. ಅದನ್ನು ಬರೆಯಬಲ್ಲವರೇ ಮೂರನೆಯ ಸೀಸನ್ನಿನ ಹೊತ್ತಿಗೆ, ಹ್ಯಾಪಿಗೆ ಮೊದಲೇ ಮದುವೆಯಾಗಿತ್ತು, ಗಂಡ ವಾಲ್ಟರನೇ ಎಂಬ ತಿರುವನ್ನು ತಂದರು. ಎರಡು ವರ್ಷ ಆ ಇಬ್ಬರ ನಡುವೆ ನಾವು ಕಂಡ ಒಂದು ನೋಟವೂ, ಒಂದು ಮಾತೂ ಅದಕ್ಕೆ ಸಾಕ್ಷಿಯಾಗಿ ನಿಲ್ಲಲಿಲ್ಲ. ಮೊದಲು ಬೆರಗು ಹುಟ್ಟಿಸಿ ಆಮೇಲೆ ಕಾರಣ ಹುಡುಕಿದ ಬರವಣಿಗೆ ಅದು.

ತೆರೆಯೀಚೆ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ರಾತ್ರಿಪಾಳಿಯವರ ಹಸಿರು ದೀಪ ಮತ್ತು ಮೂರನೆಯ ಅಂಕದವರ ದುಂಡು ಕಿಂಡಿ, ಇವೆರಡೂ ನನಗೆ ಹೇಳಲು ಬಾರದೆ ಇದ್ದುದನ್ನು ಹೇಳಿದವು. ಸಣ್ಣಕಂದೀಲು ಅವರೇ, ನಿಮ್ಮ ಮಗಳು ತಿರುಪುಗಳ ಕೆಳಗೆ ಬರೆದ ಆ ಟಿಪ್ಪಣಿಗಳಂಥದೊಂದು ದೃಶ್ಯವನ್ನು ಹ್ಯಾಪಿಗೆ ಬರೆದುಕೊಟ್ಟಿದ್ದರೆ ನಾನು ಈ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ.

ಸೋಲನ್ನು ತೋರಿಸಿದರೆ ನೋಡುಗರು ಓಡಿಹೋಗುತ್ತಾರೆ ಎಂಬ ಅಂಜಿಕೆ ಬರಹಗಾರರಿಗೆ ಇದ್ದಿರಬೇಕು. ಗಣಿತಜ್ಞ ಆಂಡ್ರೂ ವೈಲ್ಸ್, ಶತಮಾನಗಳಿಂದ ಯಾರೂ ಸಾಧಿಸಲಾಗದೆ ಉಳಿದಿದ್ದ ಫರ್ಮಾನ ಕೊನೆಯ ಪ್ರಮೇಯವನ್ನು ಬಿಡಿಸಿದ್ದೇನೆಂದು 1993ರ ಜೂನ್‌ನಲ್ಲಿ ಕೇಂಬ್ರಿಜ್‌ನಲ್ಲಿ ತೋರಿಸಿದಾಗ ಅವರ ಹಿಂದೆ ಹೆಚ್ಚುಕಡಿಮೆ ಯಾರಿಗೂ ಹೇಳದೆ ದುಡಿದ ಏಳು ವರ್ಷಗಳಿದ್ದವು. ಕೆಲವೇ ತಿಂಗಳಲ್ಲಿ ಆ ಸಾಧನೆಯಲ್ಲಿ ಒಂದು ಬಿರುಕು ಕಂಡಿತು. ಲೋಕವೆಲ್ಲ ಚಪ್ಪಾಳೆ ತಟ್ಟಿದ ಮೇಲೆ, ಎಲ್ಲರ ಕಣ್ಣೆದುರಿಗೆ, ಒಂದು ವರ್ಷಕ್ಕೂ ಹೆಚ್ಚು ಕಾಲ ಆ ಬಿರುಕಿನೊಂದಿಗೆ ಗುದ್ದಾಡಿ, ತಮ್ಮ ಹಿಂದಿನ ವಿದ್ಯಾರ್ಥಿ ರಿಚರ್ಡ್ ಟೇಲರ್ ನೆರವನ್ನೂ ಪಡೆದು, 1994ರ ಸೆಪ್ಟೆಂಬರ್‌ನಲ್ಲಿ ಅದನ್ನು ಮುಚ್ಚಿದರು. ಆ ಹದಿನಾಲ್ಕು ಹದಿನೈದು ತಿಂಗಳಲ್ಲಿ ಎಷ್ಟು ಕಂತುಗಳಿವೆ ನೋಡಿ!

ನಾಲ್ಕನೆಯ ಸೀಸನ್ನಿನ ಕೊನೆಯಲ್ಲಿ ‘ಸ್ಕಾರ್ಪಿಯನ್’ ಕೂಡ ಅಂತಹ ಒಂದು ಹಂತಕ್ಕೆ ಬಂದಿತ್ತು. ವಾಲ್ಟರ್ ಪೇಜ್‌ಗೆ ಸುಳ್ಳು ಹೇಳಿ ಸಿಕ್ಕಿಬೀಳುತ್ತಾನೆ, ಅವರಿಬ್ಬರೂ ದೂರವಾಗುತ್ತಾರೆ, ತಂಡ ಒಡೆಯುತ್ತದೆ. ಮೊದಲ ಬಾರಿಗೆ ಯಾವ ಉಪಾಯದಿಂದಲೂ ನಲವತ್ತು ನಿಮಿಷದಲ್ಲಿ ಸರಿಪಡಿಸಲಾಗದ ತಪ್ಪೊಂದು ಅವನ ಕೈಯಿಂದ ಆಗಿತ್ತು. ಐದನೆಯ ಸೀಸನ್ ಬರುವುದಿಲ್ಲವೆಂದು 2018ರ ಮೇ ತಿಂಗಳಲ್ಲಿ ವಾಹಿನಿ ತಿಳಿಸಿತು. ವಾಲ್ಟರ್ ಇನ್ನಾದರೂ ಕುಳಿತು ಯೋಚಿಸಲೇಬೇಕಾಗಿದ್ದ ಜಾಗದಲ್ಲಿ ಕಥೆ ನಿಂತುಬಿಟ್ಟಿದೆ. ಮೇಗನ್‌ಳ ಕಂತುಗಳನ್ನು ಇನ್ನೊಮ್ಮೆ ನೋಡಲು ಈ ವಾರ ಕೂರುತ್ತಿದ್ದೇನೆ, ಈ ಸಲ ಸಿಲ್ವೆಸ್ಟರನ ಮೇಲೆ ಕಣ್ಣಿಟ್ಟು.